ಆಕ್ಸೊಲಾಟಲ್‌ಗೆ ಎರೆಹುಳುವೇ ಊಟ, ಉಳಿದುದೆಲ್ಲ ಉಪ್ಪಿನಕಾಯಿ

ಬಕೆಟ್ಟಿನ ತುಂಬ ಬಣ್ಣಬಣ್ಣದ ಮೀನು. ಅದನ್ನು ಮುಂದೆ ಹಿಡಿದರೆ ಸಾಕು, ತಲೆಯ ಇಕ್ಕೆಲಗಳಲ್ಲಿ ಗರಿಗಳಂತಹ ಕಿವಿರುಗಳನ್ನು ಹೊತ್ತ, ಸದಾ ನಗುತ್ತಿರುವಂತೆ ತೋರುವ ಗುಲಾಬಿ ಬಣ್ಣದ ಪ್ರಾಣಿಯೊಂದು ಈಜಿಕೊಂಡು ಬಳಿಗೆ ಬರುತ್ತದೆ! 'ಮೈನ್‌ಕ್ರಾಫ್ಟ್' ಎಂಬ ಕಂಪ್ಯೂಟರ್ ಆಟಕ್ಕೆ 2021ರ ಜೂನ್ ತಿಂಗಳಿನಲ್ಲಿ ಆಕ್ಸೊಲಾಟಲ್ ಸೇರ್ಪಡೆಯಾದ ಮೇಲೆ ಜಗತ್ತಿನಾದ್ಯಂತ ಲಕ್ಷಾಂತರ ಮಕ್ಕಳು ಈ ಪ್ರಾಣಿಗೆ ಉಣಿಸಲು ಕಲಿತದ್ದು ಹೀಗೆ.

ಪರದೆಯ ಮೇಲಿನ ಆಟದಲ್ಲಿ ಇದರಿಂದ ಯಾರಿಗೂ ಕೇಡಿಲ್ಲ. ಆದರೆ ಮಕ್ಕಳ ಹಠಕ್ಕೆ ಮಣಿದು ನಿಜವಾದ ಆಕ್ಸೊಲಾಟಲ್ ಅನ್ನು ಮನೆಗೆ ತಂದವರು ಗಾಜಿನ ತೊಟ್ಟಿಯಲ್ಲೂ ಅದೇ ಪಾಠವನ್ನು ಅನುಸರಿಸಿದರೆ ಫಲಿತಾಂಶ ಬೇರೆಯೇ ಆಗುತ್ತದೆ. ಅಂಗಡಿಯಿಂದ ತಂದ ಮೀನು ರೋಗವನ್ನೂ ಪರಾವಲಂಬಿ ಜೀವಿಗಳನ್ನೂ ಜೊತೆಗೆ ತರುತ್ತದೆ. ಆಕ್ಸೊಲಾಟಲ್ ಆ ಮೀನನ್ನು ತಿನ್ನುವುದಕ್ಕೆ ಮೊದಲು ಮೀನೇ ಅದರ ಕಿವಿರನ್ನು ಹುಳುವೆಂದು ಭ್ರಮಿಸಿ ಕಚ್ಚುವುದೂ ಉಂಟು. ಸರಿಯಾಗಿ ನೋಡಿಕೊಂಡರೆ 10ರಿಂದ 15 ವರ್ಷ ಬಾಳಬಲ್ಲ ಪ್ರಾಣಿಯೊಂದು, ಪ್ರೀತಿಯಿಂದ ಕೊಟ್ಟ ತಿಂಡಿಯಿಂದಲೇ ನವೆದು ಸಾಯುವುದು ಯಾರಿಗೂ ಬೇಕಿಲ್ಲದ ಸಂಗತಿ.

ಹಾಗಾದರೆ ಇದಕ್ಕೆ ಏನು ಉಣಿಸಬೇಕು? ದಿನವೂ ಒಂದೇ ತಿನಿಸು ಕೊಟ್ಟರೆ ಬೇಸರವಾಗುವುದಿಲ್ಲವೇ? ಸಾಕುವವರು ಕೇಳುವ ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಮುನ್ನ ಪ್ರಾಣಿಯ ಹುಟ್ಟು ನೆಲೆಯನ್ನೂ ಅದರ ಬಾಯಿಯನ್ನೂ ಒಮ್ಮೆ ನೋಡುವುದು ಒಳಿತು.

ಕೆರೆಯ ತಳದ ಬೇಟೆಗಾರ

ಆಕ್ಸೊಲಾಟಲ್ ಮೀನಲ್ಲ, ಕಪ್ಪೆಯಂತೆ ಅದೂ ಉಭಯಚರ. ಸಾಲಮ್ಯಾಂಡರ್ ಎಂಬ ಬಾಲವುಳ್ಳ ಉಭಯಚರಗಳ ಗುಂಪಿಗೆ ಸೇರಿದ್ದು. ಕರ್ನಾಟಕದ ಕಾಡುಗಳಲ್ಲಿ ಕಪ್ಪೆಗಳ ವೈವಿಧ್ಯ ಅಪಾರವಾಗಿದ್ದರೂ ಸಾಲಮ್ಯಾಂಡರ್ ಇಲ್ಲಿಲ್ಲ. ಭಾರತದಲ್ಲಿ ಅವು ಡಾರ್ಜಿಲಿಂಗ್, ಸಿಕ್ಕಿಂ ಹಾಗೂ ಈಶಾನ್ಯದ ಬೆಟ್ಟಗಳಿಗಷ್ಟೇ ಸೀಮಿತ. ಈ ಪ್ರಾಣಿಗೆ ಕನ್ನಡದಲ್ಲಿ ಹೆಸರಿಲ್ಲದಿರುವುದಕ್ಕೂ, ಅದರ ಊಟೋಪಚಾರ ಇಲ್ಲಿನವರಿಗೆ ಹೊಸತಾಗಿರುವುದಕ್ಕೂ ಇದೇ ಕಾರಣ.

ಇದರ ತವರು ಮೆಕ್ಸಿಕೊ ಕಣಿವೆಯ ಶೊಚಿಮಿಲ್ಕೊ ಮತ್ತು ಚಾಲ್ಕೊ ಕೆರೆಗಳು. ಚಾಲ್ಕೊ ಕೆರೆಯನ್ನು ಬತ್ತಿಸಲಾಯಿತು. ಶೊಚಿಮಿಲ್ಕೊ ಇಂದು ಮೆಕ್ಸಿಕೊ ನಗರದ ಅಂಚಿನಲ್ಲಿ ಕಾಲುವೆಗಳ ಜಾಲವಾಗಿ ಮಾತ್ರ ಉಳಿದಿದೆ. ಅಲ್ಲಿ 1998ರಲ್ಲಿ ಪ್ರತಿ ಚದರ ಕಿಲೋಮೀಟರಿಗೆ ಸುಮಾರು 6,000 ಇದ್ದ ಆಕ್ಸೊಲಾಟಲ್‌ಗಳು 2014ರ ವೇಳೆಗೆ 36ಕ್ಕೆ ಇಳಿದಿದ್ದವು. ಕಾಲುವೆಗಳಿಗೆ ಆಹಾರಕ್ಕೆಂದು ಬಿಟ್ಟ ತಿಲಾಪಿಯ ಮತ್ತು ಕಾರ್ಪ್ ಮೀನುಗಳು ಇದರ ಮೊಟ್ಟೆ ಮರಿಗಳನ್ನು ತಿಂದದ್ದು ಈ ಕುಸಿತದ ಮುಖ್ಯ ಕಾರಣಗಳಲ್ಲೊಂದು. ಮೀನಿಗೂ ಇದಕ್ಕೂ ಹಳೆಯ ವೈರವೆಂದರೆ ತಪ್ಪಾಗಲಾರದು.

ಒಂದು ಕಾಲಕ್ಕೆ ಆಕ್ಸೊಲಾಟಲ್ ಸ್ವತಃ ಊಟವಾಗಿತ್ತು. ಅಜ್ಟೆಕ್ ಜನರು ಇದನ್ನು ಹಿಡಿದು ತಿನ್ನುತ್ತಿದ್ದರು. ಬಲಿಯಿಂದ ತಪ್ಪಿಸಿಕೊಳ್ಳಲು ಶೊಲೊಟ್ಲ್ ಎಂಬ ದೇವತೆ ನೀರಿಗೆ ಹಾರಿ ಈ ರೂಪ ತಾಳಿದನೆಂಬುದು ಅವರ ಪುರಾಣ. ಇಂದು ಅದೇ ಪ್ರಾಣಿ ಮೆಕ್ಸಿಕೊದ 50 ಪೆಸೊ ನೋಟಿನ ಮೇಲೆ ರಾರಾಜಿಸುತ್ತಿದೆ. ಆ ನೋಟು ಚಲಾವಣೆಗೆ ಬಂದದ್ದು 2021ರಲ್ಲಿ.

ಸಾಕಣೆಯ ಆಕ್ಸೊಲಾಟಲ್‌ಗಳ ಕಥೆ ಬೇರೆ. 1864ರಲ್ಲಿ ಪ್ಯಾರಿಸ್‌ಗೆ ತಲುಪಿದ ಒಂದು ತಂಡದಲ್ಲಿ 34 ಪ್ರಾಣಿಗಳಿದ್ದವು. ಅವುಗಳಲ್ಲಿ ಆರನ್ನು ಪಡೆದ ಪ್ರಾಣಿವಿಜ್ಞಾನಿ ಅಗಸ್ಟ್ ದ್ಯುಮೆರಿಲ್ ಅಲ್ಲಿಯೇ ಮರಿ ಮಾಡಿಸಿದ. ಇಂದು ಪ್ರಯೋಗಾಲಯಗಳಲ್ಲೂ ಮನೆಗಳಲ್ಲೂ ಇರುವ ಆಕ್ಸೊಲಾಟಲ್‌ಗಳ ವಂಶವೃಕ್ಷದ ಬೇರು ಬಹುಮಟ್ಟಿಗೆ ಅಲ್ಲಿದೆ. ನೂರಾರು ತಲೆಮಾರು ತೊಟ್ಟಿಯಲ್ಲೇ ಕಳೆದರೂ ಇವುಗಳ ಬಾಯಿ ಮಾತ್ರ ಕೆರೆಯ ತಳದಲ್ಲಿ ಬೇಟೆಯಾಡುತ್ತಿದ್ದ ಪೂರ್ವಜರದ್ದೇ.

ಆ ಬಾಯಿಯಲ್ಲಿ ಅಗಿಯುವ ಹಲ್ಲುಗಳಿಲ್ಲ. ಇರುವ ಸಣ್ಣ ಹಲ್ಲುಗಳು ಬೇಟೆ ಜಾರದಂತೆ ಹಿಡಿಯಲಷ್ಟೇ ಉಪಯುಕ್ತ. ಕಣ್ಣೂ ಅಷ್ಟಕ್ಕಷ್ಟೆ. ವಾಸನೆಯಿಂದಲೂ, ನೀರಿನ ಅಲುಗಾಟವನ್ನು ಅರಿಯುವ ಚರ್ಮದ ಇಂದ್ರಿಯಗಳಿಂದಲೂ ಆಹಾರ ಹತ್ತಿರ ಬಂದದ್ದನ್ನು ತಿಳಿದು, ಥಟ್ಟನೆ ಬಾಯಿ ತೆರೆಯುತ್ತದೆ. ನೀರಿನೊಡನೆ ಬೇಟೆಯೂ ಒಳಗೆ ಸೆಳೆದುಹೋಗುತ್ತದೆ. ನಿರ್ವಾತ ಯಂತ್ರ ಕಸ ಎಳೆದುಕೊಂಡ ಹಾಗೆ! ಮುಂದೆ ಏನಿದ್ದರೂ ಒಳಗೆ ಹೋಗುತ್ತದೆ ಎಂಬುದೇ ಇಲ್ಲಿನ ಅಪಾಯ. ತೊಟ್ಟಿಯ ತಳಕ್ಕೆ ಅಂದಕ್ಕೆಂದು ಹಾಸಿದ ನುರುಜುಗಲ್ಲು ಹುಳುವಿನೊಡನೆ ಹೊಟ್ಟೆ ಸೇರಿ ಕರುಳನ್ನು ಕಟ್ಟಿಹಾಕಿದ ಪ್ರಸಂಗಗಳನ್ನು ಪಶುವೈದ್ಯರು ಚೆನ್ನಾಗಿ ಬಲ್ಲರು. ಆಹಾರದ ವಿಚಾರ ಮಾತಾಡುವ ಮೊದಲು ತೊಟ್ಟಿಯ ತಳವನ್ನು ಬರಿದಾಗಿರಿಸುವುದು, ಇಲ್ಲವೇ ನಯವಾದ ಸಣ್ಣ ಮರಳನ್ನು ಹಾಸುವುದು ಕ್ಷೇಮ. ಮರಿಗಳಿಗಾದರೆ ಮರಳೂ ಬೇಡ.

ಎರೆಹುಳುವಿನ ಮಹಿಮೆ

ಅನುಭವಿ ಸಾಕಣೆದಾರರು ಒಮ್ಮತದಿಂದ ಹೇಳುವ ಮಾತೊಂದಿದೆ: ಬೆಳೆದ ಆಕ್ಸೊಲಾಟಲ್‌ಗೆ ಎರೆಹುಳುವಿಗಿಂತ ಉತ್ತಮ ಆಹಾರವಿಲ್ಲ. ಒಣತೂಕದ ಲೆಕ್ಕದಲ್ಲಿ ಎರೆಹುಳುವಿನ ಅರ್ಧಕ್ಕಿಂತ ಹೆಚ್ಚು ಭಾಗ ಪ್ರೋಟೀನು. ಕೊಬ್ಬು ಮಿತವಾಗಿದೆ. ಹೊರಗಿನ ಗಟ್ಟಿ ಕವಚವಿಲ್ಲದ ಕಾರಣ ಜೀರ್ಣಕ್ಕೆ ಸುಲಭ. ನೀರಿಗೆ ಬಿದ್ದ ಮೇಲೂ ಕೆಲಕಾಲ ಹೊರಳಾಡುವುದರಿಂದ ಬೇಟೆಗಾರನ ಗಮನವನ್ನೂ ಸೆಳೆಯುತ್ತದೆ. ಇದೊಂದನ್ನೇ ವರ್ಷಗಟ್ಟಲೆ ತಿಂದು ಆರೋಗ್ಯವಾಗಿರುವ ಆಕ್ಸೊಲಾಟಲ್‌ಗಳಿಗೆ ಕೊರತೆಯಿಲ್ಲ. ಬೇರೆ ಯಾವ ಒಂದೇ ತಿನಿಸಿನ ಬಗ್ಗೆಯೂ ಇಷ್ಟು ಧೈರ್ಯದಿಂದ ಹೀಗೆ ಹೇಳಲಾಗದು.

ಈ ವಿಷಯದಲ್ಲಿ ಕರ್ನಾಟಕದವರು ಒಂದು ರೀತಿಯಲ್ಲಿ ಅದೃಷ್ಟವಂತರು. ಅಮೆರಿಕ, ಯೂರೋಪಿನಲ್ಲಿ ಗಾಳದ ಅಂಗಡಿಗಳಿಂದ ಹುಳು ಕೊಳ್ಳಬೇಕು. ಇಲ್ಲಿ ಎರೆಗೊಬ್ಬರದ ಗುಂಡಿಗಳು ಹಳ್ಳಿಹಳ್ಳಿಗಳಲ್ಲಿವೆ. ನಗರದ ತಾರಸಿಗಳಲ್ಲೂ ಎರೆಗೊಬ್ಬರದ ಡಬ್ಬಿಗಳು ಕಾಣಸಿಗುತ್ತವೆ. ಆದರೆ ಎಲ್ಲ ಎರೆಹುಳುವೂ ಒಂದೇ ಅಲ್ಲ ಎಂಬುದನ್ನು ಗಮನಿಸಬೇಕು.

ರಾಜ್ಯದ ಎರೆಗೊಬ್ಬರ ಘಟಕಗಳಲ್ಲಿ ಸಾಮಾನ್ಯವಾಗಿ ಕಾಣುವುದು ಎರಡು ಮೂರು ಜಾತಿ. ಮೊದಲನೆಯದು ಯೂಡ್ರಿಲಸ್ ಯೂಜೀನಿಯೆ, ಅಂದರೆ ಆಫ್ರಿಕಾ ಮೂಲದ, ಉದ್ದನೆಯ, ಕಂದುನೇರಳೆ ಹೊಳಪಿನ ಹುಳು. ಇದು ಮೃದುವಾಗಿದ್ದು ತುಂಡರಿಸಿ ಕೊಡಲು ಅನುಕೂಲ. ಎರಡನೆಯದು ಐಸೀನಿಯ ಫೆಟಿಡ. ಮೈಮೇಲೆ ಕೆಂಪು ಹಳದಿ ಪಟ್ಟೆಗಳಿರುವ ಸಣ್ಣ ಹುಳು. ಗೊಬ್ಬರ ಮಾಡುವುದರಲ್ಲಿ ನಿಸ್ಸೀಮ, ಆದರೆ ಊಟದ ತಟ್ಟೆಗೆ ಬಂದಾಗ ತಕರಾರು ಶುರು. ಫೆಟಿಡ ಎಂಬ ಲ್ಯಾಟಿನ್ ಪದದ ಅರ್ಥವೇ ದುರ್ವಾಸನೆಯುಳ್ಳದ್ದು ಎಂದು. ಕೆಣಕಿದಾಗ ಅಥವಾ ಕತ್ತರಿಸಿದಾಗ ಇದು ಹಳದಿ ದ್ರವವೊಂದನ್ನು ಸುರಿಸುತ್ತದೆ. ಅದರಲ್ಲಿ ರಕ್ತಕಣಗಳನ್ನು ಒಡೆಯುವ ಲೈಸೆನಿನ್ ಎಂಬ ಪ್ರೋಟೀನ್ ಇದೆ. ಬಾಯಿಗೆ ಎಳೆದುಕೊಂಡ ಆಕ್ಸೊಲಾಟಲ್ ತಲೆ ಕೊಡವಿ ಥೂ ಎಂದು ಉಗಿಯುವುದನ್ನು ಕಂಡು, 'ಇದಕ್ಕೆ ಎರೆಹುಳು ಇಷ್ಟವಿಲ್ಲ' ಎಂಬ ತೀರ್ಮಾನಕ್ಕೆ ಬಂದವರು ಹಲವರು. ವಸ್ತುಸ್ಥಿತಿಯೆಂದರೆ ಅದಕ್ಕೆ ಆ ಜಾತಿಯ ಹುಳು ಇಷ್ಟವಿಲ್ಲ, ಅಷ್ಟೆ. ಕೆಲವರು ಈ ಹುಳುವನ್ನು ಕ್ಷಣಕಾಲ ಬಿಸಿನೀರಿಗೆ ಅದ್ದಿ ಕೊಡುವ ಉಪಾಯ ಮಾಡುತ್ತಾರೆ. ಕೆಲವು ಪ್ರಾಣಿಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಗೊಬ್ಬರದ ಘಟಕದಲ್ಲಿ ವಿಚಾರಿಸಿ ಪಟ್ಟೆಯಿಲ್ಲದ ದೊಡ್ಡ ಹುಳುವನ್ನೇ ತರುವುದು ಅದಕ್ಕಿಂತ ಸುಲಭ.

ಹುಳು ಎಲ್ಲಿಂದ ಬಂತು ಎಂಬುದು ಹುಳುವಿನ ಜಾತಿಯಷ್ಟೇ ಮುಖ್ಯ. ರಸ್ತೆ ಬದಿ, ಉದ್ಯಾನ, ಚರಂಡಿಯ ಪಕ್ಕದ ಮಣ್ಣಿನಿಂದ ಅಗೆದು ತಂದ ಎರೆಹುಳು ಕೀಟನಾಶಕವನ್ನೂ ಭಾರಲೋಹಗಳನ್ನೂ ತನ್ನೊಳಗೆ ಹೊತ್ತಿರಬಹುದು. ಉಭಯಚರಗಳಿಗೆ ಇಂತಹ ವಿಷಗಳನ್ನು ತಾಳಿಕೊಳ್ಳುವ ಶಕ್ತಿ ಕಡಿಮೆ. ಮನೆಯಲ್ಲೇ ಒಂದು ಡಬ್ಬಿಯಲ್ಲಿ ತೆಂಗಿನ ನಾರಿನ ಪುಡಿ ಹಾಕಿ, ತರಕಾರಿ ಸಿಪ್ಪೆ ತಿನ್ನಿಸಿ ಹುಳು ಬೆಳೆಸಿಕೊಂಡರೆ ಈ ಚಿಂತೆಯೇ ಇಲ್ಲ. ನಿಂಬೆ, ಕಿತ್ತಳೆ ಸಿಪ್ಪೆ, ಈರುಳ್ಳಿ ಹಾಗೂ ಉಪ್ಪುಖಾರ ಸೇರಿದ ಅನ್ನಸಾರು ಮಾತ್ರ ಆ ಡಬ್ಬಿಗೆ ಬೀಳಬಾರದು. ಹೊರಗಿನಿಂದ ತಂದ ಹುಳುವಾದರೆ ಒದ್ದೆ ನಾರಿನ ಪುಡಿಯಲ್ಲಿ ಒಂದೆರಡು ದಿನ ಬಿಟ್ಟು, ಹೊಟ್ಟೆಯಲ್ಲಿನ ಮಣ್ಣು ಕಳೆದ ಮೇಲೆ ಕ್ಲೋರಿನ್ ಇಲ್ಲದ ನೀರಿನಲ್ಲಿ ತೊಳೆದು ಕೊಡಬೇಕು.

ಗಾತ್ರದ ವಿಷಯದಲ್ಲಿ ಒಂದು ಸರಳ ಅಳತೆಯಿದೆ. ತುಂಡು ಆಕ್ಸೊಲಾಟಲ್‌ನ ತಲೆಯ ಅಗಲವನ್ನು ಮೀರಬಾರದು. ಪ್ಲಾಸ್ಟಿಕ್ ಅಥವಾ ಮರದ ಚಿಮಟದಲ್ಲಿ ಹಿಡಿದು ಬಾಯಿಯ ಮುಂದೆ ಮೆಲ್ಲನೆ ಆಡಿಸಿದರೆ ಅದು ಎಳೆದುಕೊಳ್ಳುತ್ತದೆ. ಚೂಪಾದ ಲೋಹದ ಚಿಮಟ ಬೇಡ. ಅದು ಆಹಾರದ ಜೊತೆ ಚಿಮಟದ ತುದಿಯನ್ನೂ ಕಚ್ಚುತ್ತದೆ.

ಮರಿಗಳ ಊಟ ಬೇರೆ

ಮೊಟ್ಟೆಯಿಂದ ಹೊರಬಂದ ಮರಿ ಮೊದಲ ಎರಡು ಮೂರು ದಿನ ತನ್ನೊಳಗೆ ಉಳಿದಿರುವ ಹಳದಿಯನ್ನೇ ನಂಬಿ ಬದುಕುತ್ತದೆ. ಆ ಬಳಿಕ ಅದಕ್ಕೆ ಬೇಕಾದುದು ಚಲಿಸುವ ಆಹಾರ ಮಾತ್ರ. ಅಲುಗಾಡದ ವಸ್ತು ಆಹಾರವೆಂದು ಅದಕ್ಕೆ ಹೊಳೆಯುವುದೇ ಇಲ್ಲ. ಆದ್ದರಿಂದಲೇ ಉಪ್ಪುನೀರಿನ ಸೂಕ್ಷ್ಮ ಸಿಗಡಿ ಆರ್ಟೀಮಿಯದ ಮೊಟ್ಟೆಗಳನ್ನು ಅಂಗಡಿಯಿಂದ ತಂದು, ಉಪ್ಪು ಬೆರೆಸಿದ ಬೆಚ್ಚನೆಯ ನೀರಿನಲ್ಲಿ ಗಾಳಿಯಾಡಿಸಿ ಒಂದು ಒಂದೂವರೆ ದಿನದಲ್ಲಿ ಮರಿ ಮಾಡಿಸಿ, ಸೋಸಿ, ಸಿಹಿನೀರಿನಲ್ಲಿ ತೊಳೆದು ಕೊಡುವ ರೂಢಿ ಬೆಳೆದಿದೆ. ಡಾಫ್ನಿಯಾ ಎಂಬ ನೀರುಚಿಗಟವೂ ಆಗುತ್ತದೆ.

ಮರಿಗಳನ್ನು ಹಸಿವಿನಿಂದ ಇಡುವುದು ಅಪಾಯಕರ. ಹಸಿದ ಮರಿಗಳು ಒಂದರ ಕಾಲನ್ನು ಇನ್ನೊಂದು ಕಡಿದು ತಿನ್ನುತ್ತವೆ. ಕಳೆದುಕೊಂಡ ಕಾಲನ್ನು ಮತ್ತೆ ಬೆಳೆಸಿಕೊಳ್ಳುವ ಅಸಾಧಾರಣ ಶಕ್ತಿ ಈ ಪ್ರಾಣಿಗಿದೆ ನಿಜ. ಪ್ರಪಂಚದ ವಿಜ್ಞಾನಿಗಳು ಇದರ ಬೆನ್ನು ಹತ್ತಿರುವುದೂ ಅದಕ್ಕಾಗಿಯೇ. ಹಾಗೆಂದು ಹಸಿವಿಗೆ ಬಿಡುವುದು ನ್ಯಾಯವಲ್ಲ. ಮರಿಗಳಿಗೆ ದಿನಕ್ಕೆ ಒಂದೆರಡು ಬಾರಿ, ಅರ್ಧ ಬೆಳೆದವಕ್ಕೆ ದಿನಕ್ಕೊಮ್ಮೆ, ಪೂರ್ತಿ ಬೆಳೆದವಕ್ಕೆ ವಾರಕ್ಕೆ ಎರಡು ಮೂರು ಬಾರಿ ಕೊಟ್ಟರೆ ಸಾಕು. ಮೇಲಿನಿಂದ ನೋಡಿದಾಗ ಹೊಟ್ಟೆ ತಲೆಯಷ್ಟೇ ಅಗಲವಿದ್ದರೆ ಉಣಿಸುವ ಲೆಕ್ಕ ಸರಿಯಿದೆ ಎಂದರ್ಥ. ತಲೆಗಿಂತ ಉಬ್ಬಿದ್ದರೆ ಅತಿಯಾಯಿತು, ಸೊರಗಿದ್ದರೆ ಸಾಲದು.

ಬಾಯಿಚಪಲಕ್ಕೆ ಏನುಂಟು, ಏನಿಲ್ಲ?

ಊಟಕ್ಕೆ ಎರೆಹುಳು ಎಂದಾದ ಮೇಲೆ ಉಪ್ಪಿನಕಾಯಿಯ ಮಾತು. ಆಗಾಗ ಬೇರೆ ತಿನಿಸು ಕೊಡುವುದರಿಂದ ಲಾಭವಿಲ್ಲವೆಂದಲ್ಲ. ಒಂದೇ ಆಹಾರದಲ್ಲಿ ಏನಾದರೂ ಕೊರತೆಯಿದ್ದರೆ ಇನ್ನೊಂದು ಅದನ್ನು ತುಂಬುತ್ತದೆ. ಹುಳು ಸಿಗದ ದಿನಗಳಲ್ಲಿ ಪರ್ಯಾಯವೊಂದು ಅಭ್ಯಾಸವಾಗಿರುತ್ತದೆ. ಆದರೆ ವೈವಿಧ್ಯ ಬೇಕೆಂಬ ತಹತಹ ಪ್ರಾಣಿಗಿಂತ ಸಾಕುವವರಿಗೇ ಹೆಚ್ಚು. ಬೆಳಿಗ್ಗೆ ಇಡ್ಲಿ, ನಾಳೆ ದೋಸೆ ಎಂಬ ಲೆಕ್ಕ ಮನುಷ್ಯನ ನಾಲಿಗೆಯದು. ಕೆರೆಯ ತಳದ ಕೆಸರಿನಲ್ಲಿ ಹುಳು ಹುಡುಕುತ್ತಿದ್ದ ಪ್ರಾಣಿಯದಲ್ಲ.

ಪರ್ಯಾಯಗಳಲ್ಲಿ ಮೊದಲ ಸ್ಥಾನ ಮುಳುಗುವ ಗುಳಿಗೆ ಆಹಾರದ್ದು. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆಂದು ಆಕ್ಸೊಲಾಟಲ್‌ಗಳನ್ನು ಸಾಕಿ ಪೂರೈಸುವ ಕೇಂದ್ರವಿದೆ. ಅಲ್ಲಿ ದೊಡ್ಡ ಪ್ರಾಣಿಗಳಿಗೆ ಸಾಲ್ಮನ್ ಮೀನುಗಳಿಗಾಗಿ ತಯಾರಾದ ಮೃದು ಗುಳಿಗೆಗಳನ್ನು ಬಳಸುತ್ತ ಬರಲಾಗಿದೆ. ಮಾಂಸಾಹಾರಿ ಮೀನಿಗೆಂದೇ ತಯಾರಿಸಿದ, ಪ್ರೋಟೀನ್ ಹೆಚ್ಚಿರುವ, ನೀರಿನಲ್ಲಿ ಮುಳುಗುವ ಗುಳಿಗೆ ಮಾತ್ರ ಇದಕ್ಕೆ ಸಲ್ಲುತ್ತದೆ. ಬಣ್ಣದ ಮೀನುಗಳಿಗೆ ಉದುರಿಸುವ, ಹಿಟ್ಟು ತೌಡು ತುಂಬಿದ ತೇಲುವ ಗುಳಿಗೆ ನಿಷ್ಪ್ರಯೋಜಕ.

ಅಕ್ವೇರಿಯಂ ಅಂಗಡಿಗಳಲ್ಲಿ ಮಂಜುಗಡ್ಡೆಯ ತುಣುಕುಗಳಂತೆ ಸಿಗುವ ಕೆಂಪು 'ಬ್ಲಡ್ ವರ್ಮ್' ವಾಸ್ತವದಲ್ಲಿ ಹುಳುವಲ್ಲ, ಒಂದು ಬಗೆಯ ಕಚ್ಚದ ನೊಣದ ಮರಿ. ಅರ್ಧ ಬೆಳೆದ ಆಕ್ಸೊಲಾಟಲ್‌ಗಳಿಗೆ ಇದು ಅಚ್ಚುಮೆಚ್ಚು. ದೊಡ್ಡವು ಕೂಡ ಬೇಡವೆನ್ನುವುದಿಲ್ಲ. ತೊಂದರೆಯೆಂದರೆ ಇದರಲ್ಲಿ ನೀರೇ ಹೆಚ್ಚು, ಸತ್ವ ಕಡಿಮೆ. ದೊಡ್ಡ ಪ್ರಾಣಿಗೆ ಇದೊಂದನ್ನೇ ಕೊಡುವುದೆಂದರೆ ಊಟದ ಬದಲು ಮಂಡಕ್ಕಿ ತಿನ್ನಿಸಿದಂತೆ. ಇದನ್ನು ಮುಟ್ಟುವುದರಿಂದ ಕೆಲವು ಮನುಷ್ಯರಿಗೆ ತುರಿಕೆ, ಸೀನು, ಉಬ್ಬಸದಂತಹ ಅಲರ್ಜಿ ಉಂಟಾಗುವುದು ದಾಖಲಾಗಿದೆ. ಕೈಗೆ ಗವಸು ಹಾಕಿಕೊಳ್ಳುವುದು ಲೇಸು.

ಸಿಗಡಿ ಕೊಡಬಹುದು. ಹಸಿಯದು, ಉಪ್ಪು ಸೋಕದ್ದು, ಸಿಪ್ಪೆ ಬಿಡಿಸಿದ್ದು, ಸಣ್ಣ ತುಂಡು, ಅದೂ ಎಂದಾದರೊಮ್ಮೆ. ಕರಾವಳಿಯ ಮನೆಗಳಲ್ಲಿ ಡಬ್ಬಿ ತುಂಬ ಇರುವ ಒಣಸಿಗಡಿ ಚಟ್ನಿಗೆ ಎಷ್ಟು ಶ್ರೇಷ್ಠವೋ ಆಕ್ಸೊಲಾಟಲ್‌ಗೆ ಅಷ್ಟೇ ಅಪಾಯ. ಅದರ ಉಪ್ಪೇ ಸಾಕು ಕೆಡುಕಿಗೆ. ಮೇಣದ ಹುಳು ಎಂಬ ಬಿಳಿ ಮರಿಹುಳು ಕೊಬ್ಬಿನ ಗಡ್ಡೆ. ಕಾಯಿಲೆಯಿಂದ ಸೊರಗಿದ ಪ್ರಾಣಿಗೆ ಒಂದೆರಡು ಕೊಡುವುದುಂಟು, ಆರೋಗ್ಯವಂತನಿಗೆ ಅಗತ್ಯವಿಲ್ಲ. ಹಿಟ್ಟಿನ ಹುಳುವಿನ ಗಟ್ಟಿ ಹೊರಕವಚವನ್ನು ಅಗಿಯದೆ ನುಂಗುವ ಈ ಪ್ರಾಣಿ ಜೀರ್ಣಿಸಿಕೊಳ್ಳಲಾರದು.

ಟ್ಯೂಬಿಫೆಕ್ಸ್ ವಿಚಾರದಲ್ಲಿ ಎಚ್ಚರ ಅಗತ್ಯ. ಅಂಗಡಿಗಳಲ್ಲಿ ಕೆಂಪು ದಾರದ ಉಂಡೆಯಂತೆ ಜೀವಂತ ಮಾರುವ ಈ ಹುಳು ಆಮ್ಲಜನಕ ಕಡಿಮೆಯಿರುವ ಕೊಳಕು ಕೆಸರಿನಲ್ಲೇ ಸಮೃದ್ಧವಾಗಿ ಬೆಳೆಯುವಂಥದ್ದು. ಚರಂಡಿಯ ನೀರು ಸೇರುವ ಕಡೆಯಿಂದ ತೆಗೆದದ್ದಾದರೆ ರೋಗಾಣುಗಳಿಗೂ ಲೋಹದ ಅಂಶಗಳಿಗೂ ಕೊರತೆಯಿರದು. ಅಗ್ಗವೆಂಬ ಕಾರಣಕ್ಕೆ ಇದನ್ನು ಆರಿಸುವುದು ಜಾಣತನವಲ್ಲ.

ಸೊಳ್ಳೆಯ ಮರಿಗಳನ್ನು ಆಕ್ಸೊಲಾಟಲ್ ಆಸೆಯಿಂದ ತಿನ್ನುತ್ತದೆ. ಪುಸ್ತಕಗಳೂ ಇದನ್ನು ಒಳ್ಳೆಯ ಆಹಾರವೆಂದೇ ಹೇಳುತ್ತವೆ. ಆದರೆ ಆ ಪುಸ್ತಕಗಳನ್ನು ಬರೆದದ್ದು ಡೆಂಗಿಯ ಭೀತಿಯಿಲ್ಲದ ಶೀತ ದೇಶಗಳಲ್ಲಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಶುದ್ಧ ನೀರಿನಲ್ಲೇ. ಕರ್ನಾಟಕ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಆಸ್ಪದ ಕೊಡುವ ಮನೆಗಳಿಗೆ ದಂಡವನ್ನೂ ಗೊತ್ತುಪಡಿಸಿತು. ಸಾಕುಪ್ರಾಣಿಯ ಬಾಯಿಚಪಲಕ್ಕಾಗಿ ತಾರಸಿಯ ಮೇಲೆ ಬಕೆಟ್ ನೀರು ತೆರೆದಿಡುವವರು ನೆರೆಹೊರೆಯವರ ಮಕ್ಕಳನ್ನೂ ನೆನೆಯಬೇಕು.

ಇನ್ನು ಮೀನು. ಗೋಲ್ಡ್ ಫಿಷ್‌ನಂತಹ ಮೀನುಗಳಲ್ಲಿ ಥಯಾಮಿನೇಸ್ ಎಂಬ ಕಿಣ್ವವಿದೆ. ಅದು ಬಿ1 ಜೀವಸತ್ವವನ್ನು ನಾಶಮಾಡುತ್ತದೆ. ಪದೇ ಪದೇ ಇದನ್ನೇ ತಿಂದ ಪ್ರಾಣಿಗಳಲ್ಲಿ ನರಗಳ ದೌರ್ಬಲ್ಯ ತಲೆದೋರಬಹುದು. ಮುಳ್ಳಿರುವ ಕ್ಯಾಟ್‌ಫಿಷ್ ಗಂಟಲಲ್ಲಿ ಸಿಕ್ಕಿಕೊಂಡರೆ ಮುಗಿಯಿತು. ಮನೆಯಲ್ಲೇ ಬೆಳೆಸಿದ ರೋಗವಿಲ್ಲದ ಗಪ್ಪಿಗಳನ್ನು ಅಪರೂಪಕ್ಕೆ ಕೊಡುವವರಿದ್ದಾರೆ. ಆಟದಲ್ಲಿ ತೋರಿಸುವಂತೆ ಬಕೆಟ್ಟುಗಟ್ಟಲೆ ಮೀನು ಸುರಿಯುವುದು ಮಾತ್ರ ಸಲ್ಲದು. ಕೋಳಿ, ಕುರಿ, ದನದ ಮಾಂಸದ ಕೊಬ್ಬು 16 ಡಿಗ್ರಿಯ ನೀರಿನಲ್ಲಿ ಬದುಕುವ ತಣ್ಣನೆಯ ಹೊಟ್ಟೆಗೆ ಒಗ್ಗುವುದಿಲ್ಲ. ಹಿಂದೆ ಪ್ರಯೋಗಾಲಯಗಳಲ್ಲಿ ದನದ ಹೃದಯ, ಯಕೃತ್ತುಗಳ ತುಂಡು ಕೊಡುತ್ತಿದ್ದುದುಂಟು. ಉತ್ತಮ ಗುಳಿಗೆಗಳು ದೊರೆಯುವ ಇಂದು ಅದನ್ನು ಅನುಕರಿಸಬೇಕಾಗಿಲ್ಲ. ಪನೀರು, ಮೊಟ್ಟೆ, ಅನ್ನ, ಬಿಸ್ಕತ್ತುಗಳ ಮಾತೇ ಬೇಡ.

ರೂಪವನ್ನೇ ಬದಲಿಸಿದ ಊಟ

ತಿನಿಸು ಎಷ್ಟು ದೂರದ ಪರಿಣಾಮ ಬೀರಬಲ್ಲದು ಎಂಬುದಕ್ಕೆ ಇತಿಹಾಸದಲ್ಲಿ ಒಂದು ಸ್ವಾರಸ್ಯಕರ ನಿದರ್ಶನವಿದೆ. ಕಪ್ಪೆಯ ಗೊದಮೊಟ್ಟೆ ಬೆಳೆದು ಕಪ್ಪೆಯಾಗಿ ನೆಲಕ್ಕೆ ಬರುತ್ತದೆ. ಆಕ್ಸೊಲಾಟಲ್ ಹಾಗಲ್ಲ, ಬಾಲ್ಯದ ಕಿವಿರುಗಳನ್ನು ಬಿಡದೆ ಜೀವನವಿಡೀ ನೀರಿನಲ್ಲೇ ಇದ್ದು ಅಲ್ಲೇ ಸಂತಾನವನ್ನೂ ಪಡೆಯುತ್ತದೆ. 1913ರಲ್ಲಿ ಚೆಕ್ ವಿಜ್ಞಾನಿ ಲೌಫ್‌ಬರ್ಗರ್, 1920ರಲ್ಲಿ ಇಂಗ್ಲೆಂಡಿನ ಜೂಲಿಯನ್ ಹಕ್ಸ್‌ಲಿ ಇದಕ್ಕೆ ಥೈರಾಯ್ಡ್ ಗ್ರಂಥಿಯನ್ನು ತಿನ್ನಿಸಿ ನೋಡಿದರು. ಹಕ್ಸ್‌ಲಿ ಬಳಸಿದ್ದು ಎತ್ತಿನ ಗ್ರಂಥಿ. ಕೆಲವೇ ವಾರಗಳಲ್ಲಿ ಕಿವಿರು ಕುಗ್ಗಿ, ಬಾಲದ ರೆಕ್ಕೆ ಕರಗಿ, ಪ್ರಾಣಿ ನೆಲದ ಮೇಲೆ ನಡೆಯುವ ಸಾಲಮ್ಯಾಂಡರ್ ಆಯಿತು! ಲಂಡನ್ನಿನ ಪತ್ರಿಕೆಗಳಲ್ಲಿ ಈ ಸುದ್ದಿ ಕೋಲಾಹಲವೆಬ್ಬಿಸಿತು.

ಈ ಕಥೆಯನ್ನು ಓದಿ ಅಯೋಡಿನ್, ಹಾರ್ಮೋನುಗಳ ಪ್ರಯೋಗಕ್ಕೆ ಕೈಹಾಕುವ ಹವ್ಯಾಸಿಗಳು ಇಂದಿಗೂ ಇದ್ದಾರೆ. ಬಲವಂತದ ರೂಪಾಂತರದಲ್ಲಿ ಪ್ರಾಣಿ ಸಾಯುವ ಸಂಭವ ಹೆಚ್ಚು. ಬದುಕುಳಿದದ್ದೂ ಬಹುಕಾಲ ಬಾಳುವುದು ಕಡಿಮೆ. ಮನೆಯ ತೊಟ್ಟಿ ಇದಕ್ಕೆ ಜಾಗವಲ್ಲ.

ಊಟ ಬಿಟ್ಟರೆ ಮೊದಲು ನೋಡಬೇಕಾದ್ದು

ಬಹುಮಂದಿ ಎಡವುವುದು ಇಲ್ಲಿಯೇ. ನಿನ್ನೆಯವರೆಗೆ ಹುಳು ತಿನ್ನುತ್ತಿದ್ದ ಆಕ್ಸೊಲಾಟಲ್ ಇಂದು ಮುಖ ತಿರುಗಿಸುತ್ತದೆ. ಬೇಸರವಾಗಿರಬೇಕೆಂದು ಮನೆಯವರು ಸಿಗಡಿ ತರುತ್ತಾರೆ. ಅದನ್ನೂ ಬಿಟ್ಟಾಗ ಮೇಣದ ಹುಳು, ಆಮೇಲೆ ಜೀವಂತ ಮೀನು. ತಿನ್ನದೆ ಉಳಿದದ್ದು ತೊಟ್ಟಿಯಲ್ಲೇ ಕೊಳೆತು ಅಮೋನಿಯ ಏರುತ್ತದೆ. ಅದರ ಉರಿ ಚರ್ಮಕ್ಕೂ ಕಿವಿರಿಗೂ ತಾಗಿ ಪ್ರಾಣಿ ಇನ್ನಷ್ಟು ಕುಗ್ಗುತ್ತದೆ. ತಿನಿಸಿನ ಪಟ್ಟಿ ಬೆಳೆದಷ್ಟೂ ಕಾಯಿಲೆ ಬೆಳೆಯುತ್ತದೆ.

ಆಗ ನೋಡಬೇಕಾದ್ದು ತಿನಿಸಿನ ಪಟ್ಟಿಯನ್ನಲ್ಲ, ಉಷ್ಣಮಾಪಕವನ್ನು. ಆಕ್ಸೊಲಾಟಲ್‌ಗೆ ಹಿತವಾದ ನೀರು 16ರಿಂದ 18 ಡಿಗ್ರಿ ಸೆಲ್ಸಿಯಸ್. 24 ಡಿಗ್ರಿ ದಾಟಿದರೆ ಅದು ಸಂಕಟಕ್ಕೆ ಸಿಲುಕುತ್ತದೆ. ಕಿವಿರುಗಳು ಮುಂದಕ್ಕೆ ಬಾಗುವುದು, ಬಾಲದ ತುದಿ ಸುರುಳಿಯಾಗುವುದು, ಊಟ ಬಿಡುವುದು ಇದರ ಲಕ್ಷಣಗಳು. ಶೊಚಿಮಿಲ್ಕೊ ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಹೆಚ್ಚು ಎತ್ತರದಲ್ಲಿದೆ ಎಂಬುದನ್ನು ನೆನೆದರೆ ಈ ತಂಪಿನ ಹಂಬಲ ಅರ್ಥವಾದೀತು.

ತಂಪಿನ ಊರೆಂದು ಹೆಸರಾದ ಬೆಂಗಳೂರಿನಲ್ಲೇ 2016ರ ಏಪ್ರಿಲ್‌ನಲ್ಲಿ ಉಷ್ಣಾಂಶ 39.2 ಡಿಗ್ರಿ ತಲುಪಿತ್ತು. ಕಲಬುರಗಿ, ರಾಯಚೂರುಗಳ ಬೇಸಿಗೆಯ ಬಗ್ಗೆ ಹೇಳುವುದೇ ಬೇಡ. ನೀರನ್ನು ತಣಿಸುವ ಚಿಲ್ಲರ್ ಯಂತ್ರವಿಲ್ಲದೆ ರಾಜ್ಯದ ಯಾವ ಬಯಲು ನಗರದಲ್ಲೂ ವರ್ಷಪೂರ್ತಿ ಈ ಪ್ರಾಣಿಯನ್ನು ಸುಖವಾಗಿಡುವುದು ಅಸಾಧ್ಯವೆಂದೇ ಹೇಳಬೇಕು. ಅಂಗಡಿಯಾತ ಪ್ರಾಣಿಯ ಬೆಲೆ ಹೇಳುತ್ತಾನೆ, ಚಿಲ್ಲರ್‌ನ ಬೆಲೆ ಹೇಳುವುದು ಕಡಿಮೆ. ಕರೆಂಟು ಹೋದ ಮಧ್ಯಾಹ್ನಗಳಲ್ಲಿ ಹೆಪ್ಪುಗಟ್ಟಿಸಿದ ನೀರಿನ ಬಾಟಲಿಗಳನ್ನು ತೊಟ್ಟಿಯಲ್ಲಿ ತೇಲಿಬಿಡುವುದು ತಾತ್ಕಾಲಿಕ ಉಪಶಮನವಷ್ಟೆ.

ಉಷ್ಣಾಂಶ ಸರಿಯಿದ್ದರೆ ಮುಂದೆ ನೀರಿನ ಪರೀಕ್ಷೆ. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಯಿರಬೇಕು. ಆಮೇಲೆ ಹೊಟ್ಟೆಯಲ್ಲಿ ಕಲ್ಲು ಸೇರಿದೆಯೇ, ಮೈ ಊದಿಕೊಂಡು ತೇಲುತ್ತಿದೆಯೇ ಎಂಬ ಪರಿಶೀಲನೆ. ಇವೆಲ್ಲ ಸರಿಯಿದ್ದೂ ಊಟ ಬಿಟ್ಟಿದ್ದರೆ ವಿದೇಶಿ ಪ್ರಾಣಿಗಳನ್ನು ನೋಡುವ ಪಶುವೈದ್ಯರ ಬಳಿಗೆ ಹೋಗಬೇಕು. ಹೊಸ ತಿನಿಸಿನ ಯೋಚನೆ ಅದರ ನಂತರದ್ದು. ಉಣಿಸಿದ ಮೇಲೆ ಉಳಿದ ತುಂಡುಗಳನ್ನು ಒಂದೆರಡು ಗಂಟೆಯೊಳಗೆ ತೆಗೆದುಹಾಕುವ ಶಿಸ್ತು ಇದ್ದರೆ ಅರ್ಧ ತೊಂದರೆಗಳು ಹುಟ್ಟುವುದೇ ಇಲ್ಲ.

ತೊಟ್ಟಿಗೆ ಮೊದಲು ಕಾಗದಪತ್ರ

ಆಕ್ಸೊಲಾಟಲ್ ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತಾರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಎರಡನೇ ಅನುಬಂಧದಲ್ಲಿದೆ. ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಆ ಅನುಬಂಧಗಳ ಜೀವಿಗಳು ಕಾಯ್ದೆಯ ನಾಲ್ಕನೇ ಪರಿಚ್ಛೇದದ ವ್ಯಾಪ್ತಿಗೆ ಬಂದಿವೆ. 2024ರ ನಿಯಮಗಳಂತೆ ಇಂತಹ ಜೀವಂತ ಪ್ರಾಣಿಯನ್ನು ಇಟ್ಟುಕೊಂಡವರು 'ಪರಿವೇಶ್ 2.0' ತಾಣದ ಮೂಲಕ ಮುಖ್ಯ ವನ್ಯಜೀವಿ ಪರಿಪಾಲಕರಲ್ಲಿ ನೋಂದಾಯಿಸಬೇಕು. ಮೂಲದ ದಾಖಲೆ ಕೊಡಲೊಲ್ಲದ ಅಂಗಡಿಯಿಂದ ಕೊಳ್ಳುವುದು ಕಾನೂನಿನ ತೊಡಕಿಗೆ ಆಹ್ವಾನ. ಸಾಕಲಾಗದೆ ಬೇಸತ್ತು ಊರ ಕೆರೆಗೆ ಬಿಡುವ ಯೋಚನೆಯಂತೂ ತರವಲ್ಲ. ಅಲ್ಲಿನ ಬಿಸಿನೀರಿನಲ್ಲಿ ಅದು ಉಳಿಯದು; ಅದರ ಮೈಮೇಲಿನ ರೋಗಾಣುಗಳು ಮಾತ್ರ ಇಲ್ಲಿನ ಕಪ್ಪೆಗಳಿಗೆ ಅಂಟಿಯಾವು.

ಈಗಾಗಲೇ ಸಾಕಿಕೊಂಡವರಿಗೆ ಕೊನೆಯದಾಗಿ ಒಂದು ಪ್ರಾಯೋಗಿಕ ವಿಚಾರ. ಹಬ್ಬಕ್ಕೋ ಮದುವೆಗೋ ವಾರದ ಮಟ್ಟಿಗೆ ಊರಿಗೆ ಹೊರಟವರು ಪಕ್ಕದ ಮನೆಯವರ ಕೈಗೆ ಹುಳುವಿನ ಡಬ್ಬಿ ಕೊಟ್ಟು ಹೋಗುವುದು ವಾಡಿಕೆ. 'ಪಾಪ, ಹಸಿದಿದೆ' ಎಂದು ಆ ಮನೆಯವರು ದಿನಕ್ಕೆ ಎರಡು ಬಾರಿ ಸುರಿದು, ಹಿಂದಿರುಗುವ ವೇಳೆಗೆ ತೊಟ್ಟಿ ಕೆಸರುಮಡುವಾಗಿರುತ್ತದೆ. ಆರೋಗ್ಯವಾಗಿರುವ ದೊಡ್ಡ ಆಕ್ಸೊಲಾಟಲ್ ತಣ್ಣೀರಿನಲ್ಲಿ ಒಂದು ವಾರ ಉಪವಾಸವನ್ನು ಲೀಲಾಜಾಲವಾಗಿ ತಾಳಬಲ್ಲದು. ಹೊರಡುವ ಹಿಂದಿನ ದಿನ ಹೊಟ್ಟೆ ತುಂಬ ಉಣಿಸಿ, ಮರುದಿನ ಕಸ ತೆಗೆದು, ಹುಳುವಿನ ಡಬ್ಬಿಯನ್ನು ಮನೆಯಲ್ಲೇ ನೆರಳಿನಲ್ಲಿ ಬಿಡಬಹುದು. ಪಕ್ಕದ ಮನೆಯವರಿಗೆ ಹೇಳಿ ಹೋಗಬೇಕಾದ್ದು ಒಂದೇ ಕೆಲಸ: ದಿನಕ್ಕೆರಡು ಸಲ ಬಂದು ಚಿಲ್ಲರ್ ಓಡುತ್ತಿದೆಯೇ ಎಂದು ನೋಡುವುದು.